ಕಾರಿನ ಹಸಿರು ನೀರು

ಕಾರು ಕೆಟ್ಟದ್ದು ನನ್ನಿಂದ. ಸೊಸೆಯಿಂದಲ್ಲ, ಜನರ ಕಣ್ಣಿನಿಂದಲ್ಲ, ಬಂಕಿನ ಪೆಟ್ರೋಲಿನಿಂದಲೂ ಅಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ನನಗೆ ಸುತ್ತಿ ಬಳಸುವ ಕೆಲಸ ತಪ್ಪುತ್ತದೆ. ಮನೆಯಲ್ಲಿ ಯಾವ ಸಾಮಾನು ಕೆಟ್ಟರೂ ಅದನ್ನು ಕೊನೆಗೆ ಮುಟ್ಟಿದವರ ತಲೆಗೆ ಕಟ್ಟುವುದು ನಮ್ಮ ಕಡೆ ನಡೆದುಬಂದ ನ್ಯಾಯ. ಮಿಕ್ಸಿ ಸುಟ್ಟರೆ ಅಂದು ಚಟ್ನಿ ರುಬ್ಬಿದವಳ ತಪ್ಪು. ಹತ್ತು ವರ್ಷ ಅದರಲ್ಲಿ ಅರಿಸಿನದ ಕೊಂಬು ಪುಡಿ ಮಾಡಿದವಳನ್ನು ಯಾರೂ ಕೇಳುವುದಿಲ್ಲ. ಆ ಪುಡಿ ಮಾಡಿದವಳೂ ನಾನೇ. ಈ ನ್ಯಾಯದಿಂದ ನನಗೆ ಇಷ್ಟು ವರ್ಷ ಅನುಕೂಲವೇ ಆಗಿತ್ತು.

ನಮ್ಮ ಊರು ಬೈರಮಂಗಲ. ಮಗ ಮಹದೇವ ಬಿಡದಿಯ ಫ್ಯಾಕ್ಟರಿಗೆ ಅವರದೇ ಬಸ್ಸಿನಲ್ಲಿ ಹೋಗುತ್ತಾನೆ. ಸೊಸೆ ಪವಿತ್ರ ಚನ್ನಪಟ್ಟಣದ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳ ಡ್ಯೂಟಿಗೆಂದೇ ಹಳೆಯದೊಂದು ಬಿಳಿ ಕಾರು ತಂದದ್ದು. ಸ್ಟಿಯರಿಂಗು ಹಿಡಿದು ಎರಡು ವರ್ಷವಾದರೂ ಒಂದು ನಾಯಿಗೂ ತಾಗಿಸಿದವಳಲ್ಲ. ಮಗ ಓಡಿಸಿದ ದಿನ ನಮ್ಮ ಗೇಟಿಗೇ ತಾಗಿಸಿದ್ದ. ಗೇಟನ್ನು ಕಟ್ಟಿದ ಗಾರೆಯವನದು ತಪ್ಪು ಎಂದು ತೀರ್ಮಾನವಾಯಿತು.

ಹೋದ ಆಯುಧಪೂಜೆಯ ದಿನ ಎಲ್ಲರಂತೆ ನಾವೂ ಕಾರು ತೊಳೆದೆವು. ಮೇಲೆ ಸೊಸೆ ತೊಳೆದಳು. ಒಳಗೂ ಒಂದು ಕೈ ನೋಡೋಣ ಎಂದು ನಾನು ಮುಂದಿನ ಮುಚ್ಚಳ ಎತ್ತಿಸಿದೆ. ಅವಳು ಹೂ ತರಲು ಹೋದಾಗ ನೋಡಿದರೆ ಒಂದು ಪ್ಲಾಸ್ಟಿಕ್ ಡಬ್ಬದ ತುಂಬ ಹಸಿರು ನೀರು. ನಮ್ಮ ಕೆರೆ ಏರಿಯ ಮೇಲೆ ಬೆಳೆದವರಿಗೆ ನೀರಿನ ಬಣ್ಣದ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ಕೆರೆ ನೀರಿನ ಬಣ್ಣ ನೋಡಿಯೇ ಅಂದು ದನಕ್ಕೆ ಕುಡಿಸಬೇಕೋ ಬೇಡವೋ ಹೇಳುವವರು ನಾವು. ಹಸಿರು ಎಂದರೆ ಪಾಚಿ, ಪಾಚಿ ಎಂದರೆ ನಿಂತು ಕೊಳೆತ ನೀರು. ನನ್ನ ಯಜಮಾನರು ಇದ್ದಾಗ ಟ್ರಾಕ್ಟರಿಗೆ ದಿನವೂ ಬೆಳಿಗ್ಗೆ ಚೊಂಬಿನಲ್ಲಿ ನೀರು ತುಂಬುತ್ತಿದ್ದವಳು ನಾನು. ಅದಕ್ಕೆ ಕೆಳಗೊಂದು ತಿರುಪು ಇರುತ್ತಿತ್ತು, ಇದಕ್ಕೂ ಇರಬೇಕು ಎಂದು ಬಗ್ಗಿ ಹುಡುಕಿದೆ. ಇತ್ತು. ಅಷ್ಟೂ ಹಸಿರು ನೀರನ್ನು ಟಬ್ಬಿಗೆ ಇಳಿಸಿ, ಕೆಸುವಿನ ಗಿಡದ ಬುಡಕ್ಕೆ ಚೆಲ್ಲಿ, ಒಳ್ಳೆಯ ಬೋರ್ ನೀರು ತುಂಬಿದೆ. ಮೂರನೆಯ ದಿನಕ್ಕೆ ಕೆಸು ಮುದುಡಿತು. ಹುಳ ಬಿದ್ದಿರಬೇಕು ಎಂದುಕೊಂಡೆ.

ನಮ್ಮ ಬೋರ್ ನೀರು ಎಂಥದೆಂದರೆ, ಬಚ್ಚಲ ಹಂಡೆಯ ಒಳಗೆ ಬೆರಳು ದಪ್ಪ ಬಿಳಿ ಹಕ್ಕಳೆ ಕಟ್ಟುತ್ತದೆ. ಕುಡಿಯುವುದಕ್ಕೆ ನಾವು ಕ್ಯಾನ್ ನೀರು ತರಿಸುತ್ತೇವೆ. ಆದರೆ ಕಾರಿಗೂ ನಾಲಿಗೆ ಇದೆಯೆಂದು ನನಗೆ ಯಾರು ಹೇಳಿದ್ದರು? ಆಮೇಲೆ ವಾರಕ್ಕೊಮ್ಮೆ, ಸೊಸೆ ಸ್ನಾನಕ್ಕೆ ಹೋದಾಗ, ಕಡಿಮೆಯಾದಷ್ಟನ್ನು ತುಂಬುತ್ತಿದ್ದೆ. ಹೇಳಲಿಲ್ಲ. ಮಾಡಿದ ಉಪಕಾರವನ್ನು ಹೇಳಿಕೊಳ್ಳುವ ಚಾಳಿ ನನಗಿಲ್ಲ ಎಂಬ ಹೆಮ್ಮೆಯಿತ್ತು.

ಬೇಸಿಗೆಗೆ ಕಾರು ಕುಟ್ಟತೊಡಗಿತು. ಸಮ ರಸ್ತೆಯಲ್ಲಿ ಸುಮ್ಮನಿದ್ದು, ಏರು ಬಂದ ಕೂಡಲೇ ಒಳಗಿನಿಂದ ಟಕ ಟಕ ಟಕ, ತಗಡಿನ ಡಬ್ಬದಲ್ಲಿ ಹುರುಳಿಕಾಳು ಆಡಿಸಿದ ಹಾಗೆ. ನನ್ನ ಬಿ.ಪಿ. ನೋಡಿಸಲು ಕರೆದುಕೊಂಡು ಹೋಗುವಾಗ ಸೊಸೆ, ಕೇಳಿಸ್ತಾ ಅತ್ತೆ ಎಂದು ಕೇಳಿದಳು. ಕೇಳಿಸಿತ್ತು. ಇಲ್ಲವೆಂದೆ. ಅವಳು ಹದಿನೈದು ದಿನದಿಂದ ಗಂಡನಿಗೆ ಇದನ್ನೇ ಹೇಳುತ್ತಿದ್ದಳು. ಅವನು ಗೇರು ಸರಿಯಾಗಿ ಹಾಕುವುದು ಕಲಿ ಎನ್ನುತ್ತಿದ್ದ. ಗಂಡ ಹೆಂಡಿರ ಮಾತಿಗೆ ನಾನು ಸಾಕ್ಷಿಯಾಗುವುದು ಏಕೆಂದು ಸುಮ್ಮನಾದೆ. ನನ್ನ ಸುಮ್ಮನಿರುವಿಕೆಗೆ ಊರಿನಲ್ಲಿ ಒಳ್ಳೆಯ ಹೆಸರಿದೆ.

ಅದಾಗಿ ನಾಲ್ಕು ದಿನಕ್ಕೆ ಕೆಂಗಲ್ ಗುಡಿಯ ಹತ್ತಿರ ಕಾರು ನಿಂತಿತು. ಹಿಂದಿನ ಕೊಳವೆಯಲ್ಲಿ ಬೆಳ್ಳನೆಯ ಹೊಗೆ, ಮುಂದೆ ಆವಿ. ಗಾಡಿ ಪೂಜೆಗೆ ಬಂದಿದ್ದವರೆಲ್ಲ ಸುತ್ತ ನಿಂತು, ನಿಂಬೆಹಣ್ಣು ತುಳಿಸದೆ ತಂದಿರಬೇಕು ಎಂದರಂತೆ. ಸೊಸೆ ಅದನ್ನು ಚನ್ನಪಟ್ಟಣದ ಗ್ಯಾರೇಜಿಗೆ ಎಳೆಸಿ, ಎರಡು ಕೀಗಳಲ್ಲಿ ಒಂದನ್ನು ಅಲ್ಲಿ ಕೊಟ್ಟು ಮನೆಗೆ ಬಂದಳು. ಮಗ ಏನೂ ಕೇಳದೆ ಅವಳ ಕೈಯಿಂದ ಇನ್ನೊಂದು ಕೀ ತೆಗೆದು ತನ್ನ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ರಿಪೇರಿಯಾದ ಮೇಲೆ ಮಾರುತ್ತೇನೆ, ಇನ್ನು ನೀನು ಗಾಡಿ ಮುಟ್ಟಬೇಡ ಎಂದ. ಮರುದಿನದಿಂದ ಅವಳು ಎರಡು ಬಸ್ಸು ಬದಲಿಸಿ ಹೋಗತೊಡಗಿದಳು. ಒಂದು ವಾರದಲ್ಲಿ ಮೂರು ಸಲ ತಡವಾಗಿ, ಆಸ್ಪತ್ರೆಯಲ್ಲಿ ಮಾತು ಕೇಳಿ ಬಂದು, ರಾಗಿ ಹಿಟ್ಟು ತೊಳಸುತ್ತಾ ನನಗೆ ಹೇಳಿದಳು, ಈ ತಿಂಗಳಿಗೆ ಕೆಲಸ ಬಿಟ್ಟುಬಿಡುತ್ತೇನೆ ಅತ್ತೆ ಎಂದು. ಅಳಲಿಲ್ಲ. ಮುದ್ದೆಯೂ ಗಂಟಾಗಿರಲಿಲ್ಲ.

ಭಾನುವಾರ ಗ್ಯಾರೇಜಿಗೆ ಮೂವರೂ ಹೋದೆವು. ಮೆಕ್ಯಾನಿಕ್ ನಯಾಜ್ ಸಾಬರು ನಮ್ಮ ಯಜಮಾನರ ಕಾಲದಿಂದ ಗೊತ್ತಿದ್ದವರು, ಮಾತು ಕಡಿಮೆ. ಕಾರಿನ ಎಣ್ಣೆಯಿಂದ ಒಂದು ಕಡ್ಡಿ ಎಳೆದು ತೋರಿಸಿದರು. ಕರ್ರಗಿರಬೇಕಾದ ಎಣ್ಣೆ ಹಾಲು ಬೆರೆಸಿದ ಕಾಫಿಯಂತಿತ್ತು. ನೀರು ಸೇರಿದೆ ಎಂದರು. ಬಿಚ್ಚುವ ಮೊದಲು ಸ್ಟಾರ್ಟ್ ಮಾಡಿ ನೋಡಿದರಂತೆ, ಇಂಜಿನ್ ಬಿಸಿಯಾಗುವ ಮೊದಲೇ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿತ್ತಂತೆ. ಆಮೇಲೆ ಒಂದು ತೆಳ್ಳನೆಯ ತಗಡು ತಂದರು. ಅದೇ ಹೆಡ್ ಗ್ಯಾಸ್ಕೆಟ್. ಗ್ಯಾಸ್ಕೆಟ್ ಎಂದರೆ ಕುಕ್ಕರಿನದು ಎಂದಷ್ಟೇ ನನಗೆ ಗೊತ್ತಿದ್ದದ್ದು. ಕೆಲಸವೂ ಹೆಚ್ಚು ಕಡಿಮೆ ಅದೇ: ಎರಡು ಕಬ್ಬಿಣದ ನಡುವೆ ಕೂತು, ಒಳಗಿನದನ್ನು ಒಳಗೇ ಇಡುವುದು. ಒಂದು ಕಡೆ ಉಗುರಗಲ ಸುಟ್ಟು ಹೋಗಿತ್ತು.

ಮಗ ಹೆಂಡತಿಯ ಕಡೆ ನೋಡಿ, ಇವಳು ಗೇರು ಎಳೆದೂ ಎಳೆದೂ ಹಿಂಗಾಗಿರಬೇಕು ಎಂದ. ಸಾಬರು ತಲೆಯೆತ್ತಲಿಲ್ಲ.

"ಗೇರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ ಕಣಪ್ಪ. ಹೀಟ್ ಆಗಿ ಆಗಿ ಕುಟ್ಟೈತೆ, ಆಮೇಲೆ ಇದು ಹೋಗೈತೆ. ರೇಡಿಯೇಟರ್ ಒಳಗೆ ನೋಡು, ಸುಣ್ಣ. ಕೂಲೆಂಟ್ ಒಂದು ಹನಿ ಇಲ್ಲ. ಹಸಿರು ನೀರು ಇರ್ತದಲ್ಲ, ಅದು. ಅದನ್ನ ತೆಗೆದು ಬೋರ್ ನೀರು ಹಾಕಿದೋರು ಯಾರು?"

ಮಗ ಮತ್ತೆ ಅವಳನ್ನೇ ನೋಡಿದ. ಅವಳು ಆ ತಗಡನ್ನೇ ನೋಡುತ್ತಿದ್ದಳು. ಹೇಳಿ ಹೇಳಿ ಸಾಕಾದವರು ಹಾಗೇ ನಿಲ್ಲುತ್ತಾರೆ. ನನಗೆ ಕೆಸುವಿನ ಗಿಡ ನೆನಪಾಯಿತು. ನಿಜ ಹೇಳುತ್ತೇನೆ, ಆಗಲೂ ಒಂದು ಗಳಿಗೆ ಸುಮ್ಮನಿರೋಣ ಎನಿಸಿತು. ವಯಸ್ಸಾದವಳನ್ನು ಯಾರೂ ಅನುಮಾನಿಸುವುದಿಲ್ಲ, ಅದೊಂದು ಸೌಕರ್ಯ.

"ನಾನು ಹಾಕಿದ್ದು," ಎಂದೆ. "ಪಾಚಿ ಅನ್ಕಂಡು ಚೆಲ್ಬುಟ್ಟೆ. ವಾರವಾರ ತುಂಬಿದೋಳೂ ನಾನೇ. ಕುಟ್ಟೋದು ನಂಗೂ ಕೇಳ್ಸಿತ್ತು ಕಣ್ಲಾ ಮಾದೇವ. ಅವಳು ಹದಿನೈದು ದಿನ ಬಡ್ಕಂಡ್ಳು, ನೀನು ಕೇಳ್ನಿಲ್ಲ, ನಾನು ಹೇಳ್ನಿಲ್ಲ. ಕೀ ಕೊಡು ಅವಳಿಗೆ."

"ಅವ್ವ, ನಿನಗ್ಯಾಕೆ ಬೇಕಿತ್ತು ಇದೆಲ್ಲ?" ಎಂದ.

"ನನ್ನ ಆಮೇಲೆ ಬೈಯುವಂತೆ. ಮೊದ್ಲು ಕೀ ಕೊಡು."

ಕೊಟ್ಟ. ಇಂಜಿನ್ನಿನ ಮೇಲಿನ ಭಾಗವನ್ನು, ಅಂದರೆ ಹೆಡ್ಡನ್ನು, ಬಿಚ್ಚಿ ಮಟ್ಟ ಮಾಡಿಸಲು ಬೆಂಗಳೂರಿಗೆ ಕಳಿಸಿದ್ದ ಕಾರದು, ಇನ್ನೂ ಹತ್ತು ದಿನ ಎಲ್ಲಿಗೂ ಹೋಗುವಂತಿರಲಿಲ್ಲ. ಆದರೂ ಸೊಸೆ ಆ ಕೀ ತೆಗೆದುಕೊಂಡು ಬ್ಯಾಗಿನ ಒಳ ಜೇಬಿಗೆ ಹಾಕಿ ಜಿಪ್ಪು ಎಳೆದಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು, ಆ ಹಸಿರು ನೀರು ವಿಷ ಅತ್ತೆ, ಕೈ ತೊಳಕೊಂಡಿದ್ದಿರಾ ಎಂದಷ್ಟೇ ಕೇಳಿದಳು. ನರ್ಸುಗಳು ಹಾಗೇ, ಕೋಪವನ್ನೂ ಆರೋಗ್ಯ ವಿಚಾರಿಸಿದ ಹಾಗೆ ತೋರಿಸುತ್ತಾರೆ. ರಾಮನಗರ ದಾಟುವ ಹೊತ್ತಿಗೆ ಕೆಲಸ ಬಿಡುವ ಮಾತು ಏನಾಯಿತು ಎಂದು ಕೇಳಿದೆ. ಯಾವ ಮಾತು ಎಂದಳು.

ಮಾರನೆಯ ಬೆಳಿಗ್ಗೆ ಅವಳು ಬಸ್ಸಿಗೆ ಹೊರಡುವ ಮೊದಲೇ ಎದ್ದೆ. ನಮ್ಮ ಮನೆಯಲ್ಲಿ ಕರೆಂಟು ಹೋದರೆ ಅರ್ಧ ಗಂಟೆಗೆಲ್ಲ ಇನ್ವರ್ಟರೂ ಕಣ್ಣು ಮುಚ್ಚುತ್ತಿತ್ತು. ಮಗ, ಇವಳು ಹಗಲೆಲ್ಲ ಫ್ಯಾನು ಹಾಕಿ ಬ್ಯಾಟರಿ ತಿಂದುಬಿಟ್ಟಳು ಎಂದು ಬೈಯುತ್ತಿದ್ದ. ಅವನನ್ನು ಹಾಸಿಗೆಯಿಂದ ಎಬ್ಬಿಸಿ, ಸೊಸೆಯನ್ನೂ ಕರೆದು, ಮೆಟ್ಟಿಲ ಕೆಳಗೆ ನಿಲ್ಲಿಸಿ ಬ್ಯಾಟರಿ ತೋರಿಸಿದೆ. ಅಂಗಡಿಯ ಶುದ್ಧ ನೀರನ್ನೇ ಹಾಕಬೇಕಾದ ಅದಕ್ಕೂ ಎರಡು ವರ್ಷದಿಂದ ಚೊಂಬಿನಲ್ಲಿ ಬೋರ್ ನೀರು ತುಂಬುತ್ತಿದ್ದವಳು ನಾನೇ ಎಂದು ಹೇಳಿ, ಕಾಫಿಗಿಡಲು ಒಳಗೆ ಹೋದೆ.