ದೂರವಾಣಿ ಎತ್ತದಿರುವ ಬಗ್ಗೆ

ಸಿಂಗಾಪುರದ ಉಬಿಯಲ್ಲಿರುವ ನಮ್ಮ ಏಸಿ ಸರ್ವಿಸ್ ಕಚೇರಿಯಲ್ಲಿ ಗ್ರಾಹಕರ ಫೋನ್ ಎತ್ತುವುದನ್ನು ೨೦೧೪ರಿಂದ ಅಶಿಸ್ತೆಂದು ಪರಿಗಣಿಸಲಾಗಿದೆ.

ಆ ವರ್ಷ ಹಳೆಯ ಫೋನುಗಳನ್ನು ತೆಗೆದು ಡಿಜಿಟಲ್ ಫೋನ್ ಹಾಕಿಸಿದರು. ಒಂದೊಂದಕ್ಕೂ ಮೈತುಂಬ ಬಟನ್. ಅವುಗಳ ಸೆಟ್ಟಿಂಗ್ ಜವಾಬ್ದಾರಿ ಮೈಸೂರಿನಿಂದ ಹೊಸದಾಗಿ ಬಂದಿದ್ದ ಜ್ಯೋತ್ಸ್ನಾಳದು. ಆಕೆ ಇನ್ನೂ ಪ್ರೊಬೇಷನ್‌ನಲ್ಲಿದ್ದಳು. ಕೆಲಸ ಹೋದರೆ ಆ ದೇಶದಲ್ಲಿರಲು ಬೇಕಾದ ವರ್ಕ್ ಪಾಸೂ ಹೋಗುತ್ತಿತ್ತು.

"ಎಲ್ಲಾ ಫೀಚರ್ ಆನ್ ಮಾಡಮ್ಮ," ಎಂದರು ಮ್ಯಾನೇಜರ್ ದ್ವಾರಕನಾಥ್.

"ಸರ್, ಎಲ್ಲಾ ಒಟ್ಟಿಗೆ ಆನ್ ಮಾಡಿದ್ರೆ ಒಂದಕ್ಕೊಂದು ಅಡ್ಡ ಬರತ್ತೆ."

"ಬಟನ್ ಇರೋದು ಒತ್ತೋಕೆ ತಾನೆ? ಇನ್ನೇನು ನೋಡೋಕಾ?"

ಜ್ಯೋತ್ಸ್ನಾ ಎಲ್ಲವನ್ನೂ ಆನ್ ಮಾಡಿದಳು.

ಮ್ಯಾನೇಜರಾದವರು ಸ್ವತಃ ಫೋನ್ ಎತ್ತುವುದು ಹುದ್ದೆಗೆ ಶೋಭೆಯಲ್ಲವೆಂದು ದ್ವಾರಕನಾಥ್ ತಮ್ಮ ಕರೆಗಳನ್ನು ಸಹಾಯಕ ನವನೀತನಿಗೆ ಫಾರ್ವರ್ಡ್ ಮಾಡಿದರು. ನವನೀತ್ ತನ್ನವನ್ನು ರಿಸೆಪ್ಷನ್ನಿನ ನಿರುಪಮಾಗೆ ಕಳಿಸಿದ. ಮುಖ್ಯವಾದ ದೂರುಗಳನ್ನು ಮೇಲಧಿಕಾರಿಗಳಿಗೇ ಒಪ್ಪಿಸತಕ್ಕದ್ದು ಎಂಬ ನಿಯಮವಿದ್ದುದರಿಂದ, ನಿರುಪಮಾ ತನ್ನ ಕರೆಗಳನ್ನೆಲ್ಲ ಮುಖ್ಯವೆಂದು ತೀರ್ಮಾನಿಸಿ ದ್ವಾರಕನಾಥರಿಗೆ ತಿರುಗಿಸಿದಳು.

ಕಚೇರಿ ಗಪ್‌ಚಿಪ್. ದ್ವಾರಕನಾಥ್ ಆನಂದತುಂದಿಲರಾಗಿ ನೋಟಿಸ್ ಹಚ್ಚಿಸಿದರು: "ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಗ್ರಾಹಕರ ದೂರುಗಳು ಸಂಪೂರ್ಣ ನಿವಾರಣೆಯಾಗಿರುತ್ತವೆ. ಚಪ್ಪಾಳೆ ತಟ್ಟತಕ್ಕದ್ದು." ತಟ್ಟಲಾಯಿತು.

ಜ್ಯೋತ್ಸ್ನಾ ಒಬ್ಬಳು ನಂಬಲಿಲ್ಲ. ಸಿಂಗಾಪುರದಲ್ಲಿ ಏಸಿ ಸೋರದ ದಿನ ಎನ್ನುವುದುಂಟೆ? ಲಂಚ್ ಹೊತ್ತಿನಲ್ಲಿ ಮೆಲ್ಲಗೆ ಲೈನಿನೊಳಗೆ ಇಣುಕಿದಳು. ಸುತ್ತಿ ಸುತ್ತಿ ಯಾರೂ ಸಿಗದ ಕರೆಗಳನ್ನೆಲ್ಲ ಯಂತ್ರ ಕಾನ್ಫರೆನ್ಸ್ ಫೀಚರ್‌ನಿಂದ ಒಂದೇ ಕಡೆ ಜೋಡಿಸಿಬಿಟ್ಟಿತ್ತು. ಒಳಗೆ ಭರ್ಜರಿ ನಗು.

"ಫಿಲ್ಟರ್ ತೊಳೆದ್ರಾ? ಈಗ ಪೈಪ್ ಊದಿ. ಜೋರಾಗಿ!" ಎಂದು ಹೆಂಗಸೊಬ್ಬರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಊದುವ ಸದ್ದು. ಆಮೇಲೆ ಯಾವುದೋ ಗಂಡಸಿನ ಕೂಗು: "ಸೋರೋದು ನಿಂತೇ ಹೋಯ್ತು ಲಾ!"

ಜ್ಯೋತ್ಸ್ನಾ ನಡುವೆ ಬಾಯಿ ಹಾಕಿದಳು. "ಕ್ಷಮಿಸಿ, ನಾನು ಕಂಪನಿಯಿಂದ ಜ್ಯೋತ್ಸ್ನಾ."

"ಜ್ಯೋತ್ಸ್ನಾನಾ? ಕನ್ನಡದವಳೇನಮ್ಮ?" ಎಂದರು ಅದೇ ಹೆಂಗಸು. "ನಾನು ಹೌಗಾಂಗಿನಿಂದ ಭಾನುಮತಿ. ಏನಾಗಬೇಕಿತ್ತು?"

"ಆಂಟಿ, ನಿಮ್ಮ ದೂರು..."

"ನಂದು ಬೆಳಿಗ್ಗೇನೇ ಸರಿಹೋಯ್ತಲ್ಲ. ಈಗ ಬೆಡೋಕ್ ಏರಿಯಾದವರದ್ದು ನಡೀತಿದೆ. ಸ್ವಲ್ಪ ಡಿಸ್ಟರ್ಬ್ ಮಾಡ್ಬೇಡಮ್ಮ."

ಸುಳ್ಳು ಹೇಳಲು ಬಾರದ ಜ್ಯೋತ್ಸ್ನಾ ನೇರ ಹೋಗಿ ದ್ವಾರಕನಾಥರಿಗೆ ಎಲ್ಲವನ್ನೂ ಒಪ್ಪಿಸಿದಳು. ಅವರು ಬೆವತರು. "ಅಯ್ಯೋ! ಜನ ತಾವೇ ರಿಪೇರಿ ಮಾಡ್ಕೊಂಡ್ರೆ ನಾವ್ಯಾಕೆ? ಮೊದಲು ಎಲ್ಲಾ ಆಫ್ ಮಾಡು!"

ಆಫ್ ಮಾಡಿದ್ದೇ ತಡ, ಕಚೇರಿಯ ಅಷ್ಟೂ ಫೋನುಗಳು ಒಮ್ಮೆಲೇ ಬಡಿದುಕೊಂಡವು. ಏಸಿಯ ಬಗ್ಗೆ ಒಬ್ಬರದೂ ದೂರಿಲ್ಲ. "ನಮ್ಮ ಭಾನುಮತಿ ಆಂಟಿ ಎಲ್ಲಿ?" ಎಂಬುದೊಂದೇ ಪ್ರಶ್ನೆ. ಒಬ್ಬಾತ ಪೈಪನ್ನು ಬಾಯಲ್ಲಿಟ್ಟುಕೊಂಡೇ ಕೇಳಿದನಾದ್ದರಿಂದ ನವನೀತನಿಗೆ ಸ್ಪಷ್ಟವಾಗಲಿಲ್ಲ. ನಿರುಪಮಾ ಅಳುವುದೊಂದು ಬಾಕಿ. ಸಂಜೆಯ ಹೊತ್ತಿಗೆ ದ್ವಾರಕನಾಥ್ ಮೇಜಿನ ಕೆಳಗೆ ಕೂತು, "ಆನ್ ಮಾಡಮ್ಮ ತಾಯಿ," ಎಂದರು.

ಮರುದಿನದ ಆದೇಶ: "ಗ್ರಾಹಕರು ಪರಸ್ಪರ ಸೇವೆಯಲ್ಲಿ ನಿರತರಾಗಿರುವಾಗ ಸಿಬ್ಬಂದಿ ಫೋನ್ ಎತ್ತಿ ಅಡ್ಡಿಪಡಿಸಕೂಡದು. ತೀರಾ ಅನಿವಾರ್ಯವಾದಲ್ಲಿ ಭಾನುಮತಿಯವರ ಪೂರ್ವಾನುಮತಿ ಪಡೆಯತಕ್ಕದ್ದು." ಜ್ಯೋತ್ಸ್ನಾಳ ಕೆಲಸ ಅದೇ ವಾರ ಖಾಯಂ ಆಯಿತು. ಆ ದಿನ ಆಕೆ ಅನುಮತಿ ಪಡೆದು ಲೈನಿಗೆ ಬಂದು ಸುದ್ದಿ ಹೇಳಿದಾಗ ಬೆಡೋಕಿನಿಂದ ಪುಂಗೋಲ್‌ವರೆಗೆ ಜನ ಹೋ ಎಂದರು.

ಒಂದು ಭಾನುವಾರ ದ್ವಾರಕನಾಥರ ಕಾಂಡೊ ಫ್ಲ್ಯಾಟಿನಲ್ಲೇ ಏಸಿ ಸೋರತೊಡಗಿತು. ಸೋಫಾ ಮೇಲೆ ಬಕೆಟ್ ಇಟ್ಟು, ತಮ್ಮ ಕಂಪನಿಗೆ ತಾವೇ ಫೋನ್ ಮಾಡಿದರು.

"ಹೊಸಬರಾ? ಪರಿಚಯ ಮಾಡ್ಕೊಳ್ಳಿ," ಎಂದರು ಭಾನುಮತಿ.

"ನಾನು... ಈ ಕಂಪನಿ ಮ್ಯಾನೇಜರ್."

ಲೈನಿನುದ್ದಕ್ಕೂ ಮರುಕದ ನಿಟ್ಟುಸಿರು ಹಾದುಹೋಯಿತು.

"ಪಾಪ," ಎಂದರು ಭಾನುಮತಿ, "ನಿಮ್ಮ ಫೋನೂ ಯಾರೂ ಎತ್ತಲಿಲ್ವಾ?"

"ಇಲ್ಲ ಆಂಟಿ," ಎಂದು ದ್ವಾರಕನಾಥ್ ಫಿಲ್ಟರ್ ಬಿಚ್ಚತೊಡಗಿದರು.