ದೇವೀರಮ್ಮನ ತಂಪುಪಟ್ಟಿ

"ಇಗೋ ನೋಡಿ ಅತ್ಗೆಮ್ಮಾ, ತಂಪುಪಟ್ಟಿ! ಲೋಕದಲ್ಲೇ ಮೊದಲನೇದು!"

ಬೋರಲಿಂಗ ಅದನ್ನ ಎರಡು ಕೈಯಲ್ಲೂ ಎತ್ತಿ ಹಿಡಿದಿದ್ದ, ಹೊಸಾ ಕೂಸನ್ನ ನೆಂಟ್ರಿಗೆ ತೋರಿಸ್ದಂಗೆ. ನೋಡಿದ್ರೆ ಎಮ್ಮೆ ಹಗ್ಗಕ್ಕೂ ಗುಜರಿ ಅಂಗಡಿಗೂ ಮದ್ವೆ ಮಾಡ್ಸಿ ಹುಟ್ಟಿದಂಗಿತ್ತು. ಹಳೇ ಫ್ರಿಜ್ಜಿನ ತಾಮ್ರದ ಕೊಳವೆ, ಬೈಕಿನ ಬ್ಯಾಟ್ರಿ, ಮುಂದುಗಡೆ ಮಿಕ್ಸಿದೊಂದು ತಿರುಗಣೆ, ಹಿಂದುಗಡೆ ಫ್ರಿಜ್ ಬಾಗಿಲಿನ ಬೀಗ.

"ಇದನ್ನ ನಾನು ಸೊಂಟಕ್ಕೆ ಕಟ್ಕೋಬೇಕಾ?" ಅಂದ್ಳು ದೇವೀರಮ್ಮ, ಸೆರಗಲ್ಲಿ ಕುತ್ತಿಗೆ ಒರೆಸ್ಕೊಳ್ತಾ.

"ನಿಮ್ಮ ಮೈ ಅನ್ನೋದು ಒಂದು ಫ್ರಿಜ್ಜು ಅಂದ್ಕೊಳ್ಳಿ."

"ನಿಮ್ಮಣ್ಣ ನನ್ನನ್ನ ಏನೇನೋ ಅಂದವ್ರೆ ಕಣೋ ಬೋರ. ಫ್ರಿಜ್ಜು ಅಂತ ಇದುವರ್ಗೂ ಅಂದಿರ್ಲಿಲ್ಲ!"

"ಕೇಳಿ ಅಂದ್ರೆ! ಫ್ರಿಜ್ ಏನ್ಮಾಡ್ತದೆ? ಒಳಗಿನ ಬಿಸಿ ಎಳ್ದು ಹಿಂದಕ್ಕೆ ಎಸೀತದೆ. ನಿಮ್ಮೊಳಗೆ ಬಿಸಿ ಎದ್ದ ತಕ್ಷಣ ಪಟ್ಟಿ ಅದನ್ನ ಎಳ್ದು ಆಚೆಗೆ ಎಸೀತದೆ. ಅಷ್ಟೇಯ!"

ಬೋರಲಿಂಗ ಪಾಂಡವಪುರದಲ್ಲಿ ಫ್ರಿಜ್ಜು, ಮಿಕ್ಸಿ ರಿಪೇರಿ ಮಾಡೋನು. ದೇವೀರಮ್ಮನ ಗಂಡನ ತಮ್ಮ. ಇವ್ನು ರಿಪೇರಿ ಮಾಡಿದ ಮಿಕ್ಸೀಲಿ ಒಂದ್ಸಲ ಚಟ್ನಿ ಅರೆಯಕ್ಕೆ ಹೋದ್ರೆ, ರುಬ್ಬಿದ ಕಾಯಿ ತಿರ್ಗಾ ಹೋಳಾಗಿ ಆಚೆಗೆ ಬಂದಿತ್ತಂತೆ. ಅಂಥೋನು ಊರಿನ ಹೆಂಗಸ್ರ ಹಗ್ಗಜಗ್ಗಾಟದ ಟೀಮಿಗೆ ಮೇನೇಜರ್ ಅಂತ ಕಲಬುರಗಿಗೆ ಬಂದಿದ್ದ. ಊರಲ್ಲಿ ಕೆಲಸ ಇಲ್ದೆ ಇದ್ದ ಗಂಡ್ಸು ಅವ್ನೊಬ್ನೇ.

ದೇವೀರಮ್ಮ ಆ ಟೀಮಿನ ಗೂಟ. ಗೂಟ ಅಂದ್ರೆ ಹಗ್ಗದ ಕಟ್ಟಕಡೇಲಿ ನಿಂತು, ಹಗ್ಗಾನ ಮೈಗೆ ಸುತ್ಕೊಂಡು, ಭೂಮಿಗೆ ಕಾಲು ನೆಟ್ಟು ನಿಲ್ಲೋಳು. ಮುಂದಿನೋರು ಜಾರಿದ್ರೆ ಜಾರ್ಲಿ, ಗೂಟ ಜಾರಂಗಿಲ್ಲ. ಹೋದ ವರ್ಷ ರಾಜ್ಯಮಟ್ಟದ ಫೈನಲ್ಲಲ್ಲಿ ಗೂಟ ಜಾರಿತ್ತು. ಸ್ತ್ರೀಶಕ್ತಿ ಸಂಘದೋರು ಮುಖದ ಮೇಲೇ ಹೇಳಿದ್ರು, "ದೇವೀರಕ್ಕಾ, ಈ ಸಲಾನೂ ಜಾರಿದ್ರೆ ಗೂಟದ ಜಾಗ ಸುಕನ್ಯಂಗೆ." ಸುಕನ್ಯ ಅಂದ್ರೆ ಟೀಮಲ್ಲಿ ಚಿಕ್ಕೋಳು. ಸಿಮೆಂಟು ಮೂಟೇನ ಮಗೂನ ಎತ್ಕೊಂಡಂಗೆ ಎತ್ಕೋತಾಳೆ.

ಜಾರಬಾರದು ಅಂದ್ರೆ ಮೈ ಮಾತು ಕೇಳ್ಬೇಕಲ್ಲ! ಹಿಂದೆ ದೇವೀರಮ್ಮಂಗೆ ಗರ್ಭಕೋಶದ ಜತೆ ಅಂಡಾಶಯಾನೂ ತೆಗ್ದುಬಿಟ್ಟಿದ್ರು. ಮೈಸೂರಿನ ಡಾಕ್ಟ್ರಮ್ಮ, "ಇನ್ಮೇಲೆ ನಿಮ್ಮ ಮೈಯಲ್ಲಿ ಆ ಹಾರ್ಮೋನು ಹುಟ್ಟಲ್ಲ, ದಿನಾ ಒಂದು ಗುಳಿಗೆ ಹಾಕ್ಕೊಳ್ಳಿ" ಅಂದಿದ್ರು. ಹಾಕ್ಕೊಂಡ್ರೆ ದೇವೀರಮ್ಮ ಗೂಟ. ಬಿಟ್ರೆ ಇದ್ದಕ್ಕಿದ್ದಂಗೆ ಎದೆಯಿಂದ ನೆತ್ತಿಗೆ ಬೆಂಕಿ, ಬೆವರು, ನಿದ್ದೆ ಇಲ್ಲ, ಸುಮ್ಸುಮ್ನೆ ಸಿಟ್ಟು, ಸಿಟ್ಟಿನ ಬೆನ್ನಿಗೇ ಅಳು.

ಆ ಗುಳಿಗೆ ಎಲ್ಲಿತ್ತಪ್ಪಾ ಅಂದ್ರೆ, ಊರಲ್ಲಿ, ಪಕ್ಕದ ಕೆಂಪಾಜಮ್ಮನ ಮನೇಲಿ!

ಆಗಿದ್ದು ಇಷ್ಟು. ರೈಲು ಮಂಗಳವಾರಕ್ಕಿತ್ತು. ಮಂಗಳವಾರ ಊರು ಬಿಡಬಾರದು. ಅದಕ್ಕೆ ಹಿಂದಿನೋರು ಪರಸ್ತಾನ ಅಂತ ಒಂದು ಕಳ್ಳದಾರಿ ಮಾಡವ್ರೆ. ಸೋಮವಾರ ಒಳ್ಳೆ ಹೊತ್ತಲ್ಲಿ ಒಂದು ಗಂಟು ಕಟ್ಟಿ ಪಕ್ಕದ ಮನೇಲಿ ಇಟ್ಬುಟ್ರೆ, ಪ್ರಯಾಣ ಸೋಮವಾರವೇ ಸುರುವಾಯ್ತು ಅಂತ ಲೆಕ್ಕ. ಮಂಗಳವಾರ ಹೋಗ್ತಾ ಎತ್ಕೊಂಡು ಹೋದ್ರಾಯ್ತು. "ಯಾವುದೋ ಹಳೇ ಸೀರೆ ಇಟ್ರೆ ಗಂಟು ಮರ್ತುಹೋಗ್ತದೆ, ಮರೀಲೇಬಾರದ್ದನ್ನ ಇಡಾನ" ಅಂತ ದೇವೀರಮ್ಮ ಬುದ್ಧಿ ಓಡ್ಸಿ, ಗುಳಿಗೆ, ಡಾಕ್ಟ್ರ ಚೀಟಿ ಎರಡನ್ನೂ ಗಂಟು ಕಟ್ಟಿ ಕೆಂಪಾಜಮ್ಮನ ಮನೆ ಗೂಡಲ್ಲಿಟ್ಳು. ಇಟ್ಟು, ಮರೆತು, ಕಲಬುರಗಿಗೆ ಬಂದ್ಳು.

ಫೋನ್ ಮಾಡಿದ್ರೆ ಕೆಂಪಾಜಮ್ಮ, "ಅಯ್ಯಯ್ಯೋ, ಪರಸ್ತಾನದ ಗಂಟನ್ನ ಇಟ್ಟೋರೇ ಎತ್ಬೇಕು ಕಣವ್ವಾ! ನಾನ್ ಮುಟ್ಟಿ ನಿನ್ನ ಪ್ರಯಾಣ ಕೆಟ್ಟೋದ್ರೆ?"

"ಪ್ರಯಾಣ ಆಗ್ಲೇ ಕೆಟ್ಟೋಯ್ತು ಕೆಂಪಾಜಕ್ಕಾ! ಇಲ್ಲಿ ಮೈ ಒಲೆ ಆಗೈತೆ!"

"ನೋಡ್ದಾ, ಮುಟ್ದೆ ಇದ್ರೇ ಹಿಂಗೆ! ಮುಟ್ಟಿದ್ರೆ ಇನ್ನೆಂಗೋ!"

ಕೊನೆಗೆ "ಕೈ ಸೋಕ್ದಂಗೆ ಕಳಿಸೋ ಉಪಾಯ ಏನಾರ ಹೊಳೆದ್ರೆ ನೋಡ್ತೀನಿ" ಅಂತ ಫೋನಿಟ್ಳು. ಡಾಕ್ಟ್ರಮ್ಮ ಫೋನಲ್ಲೇ ಚೀಟಿ ಕಳಿಸಿದ್ರು. ಔಷಧಿ ಅಂಗಡಿಯೋನು, "ಸ್ಟಾಕ್ ಇಲ್ರಿ, ಶನಿವಾರ ಬರ್ತದ" ಅಂದ. ಆಟ ಶುಕ್ರವಾರ! ಆಗ್ಲೇ ಬೋರಲಿಂಗ ಗುಜರಿ ಅಂಗಡಿಗೆ ನುಗ್ಗಿದ್ದು.

"ಸರಿ, ಕಟ್ಟು" ಅಂದ್ಳು ದೇವೀರಮ್ಮ. ಸಾಯೋರಿಗೆ ಕಷಾಯ ಯಾವುದಾದ್ರೇನು!

ಬೀಗ ಟಕ್ ಅಂತು. ತಿರುಗಣೆ ಒಂದಕ್ಕೆ ಬಂತು. ಅದೇ ಹೊತ್ತಿಗೆ ಎದೆಯಿಂದ ಬಿಸಿ ಎದ್ದಿತ್ತು ನೋಡಿ, ಕುತ್ತಿಗೆವರ್ಗೂ ಬಂದಿದ್ದು ಸೊರ್ ಅಂತ ಕೆಳಗಿಳೀತು! ದೇವೀರಮ್ಮಂಗೆ ಹೊಸಾ ಮಡಕೆ ನೀರು ಕುಡ್ದಂಗಾಯ್ತು.

"ಲೋ ಬೋರ! ಬಂಗಾರದಂಥೋನು ಕಣೋ ನೀನು!"

ಹಿಂದಿಂದ "ಅವ್ವಾ!" ಅಂತ ಕಿರುಚಿದ್ದು ಕೇಳ್ತು. ಸುಕನ್ಯ ಅಲ್ಲಿ ತಲೆ ಬಾಚ್ಕೊಳ್ತಾ ನಿಂತಿದ್ಳು. ಮುಖ ಟೊಮೊಟೊ ಆಗಿತ್ತು. ಬಾಚಣಿಗೆ ಎಸ್ದು, "ಯಾರೂ ನನ್ನ ಜತೆ ಮಾತಾಡಬೇಡಿ!" ಅಂತ ರೇಗಿದ್ಳು. ಯಾರೂ ಮಾತಾಡ್ಲಿಲ್ಲ. ಆಗ "ನನ್ನನ್ನ ಕಂಡ್ರೆ ಯಾರಿಗೂ ಆಗಲ್ಲ" ಅಂತ ಗೊಳೋ ಅಂದ್ಳು!

ಬೋರಲಿಂಗ ತಲೆ ಕೆರ್ಕೊಂಡ. "ಬಿಸಿ ಜತೆ ಸಿಟ್ಟು, ಅಳುನೂ ಹೋಯ್ತದೆ ಅಂತಾಯ್ತು. ಮಾಡಿದ್ದಕ್ಕಿಂತ ಜಾಸ್ತೀನೇ ಕೆಲ್ಸ ಮಾಡ್ತದೆ!"

"ಬಿಚ್ಚೋ ಇದನ್ನ!"

ಬೋರಲಿಂಗ ಜೇಬು ತಡಕಿದ. ಇನ್ನೊಂದು ಜೇಬು ತಡಕಿದ. "ಬೀಗ ನಮ್ಮಂಗಡೀದು ಅತ್ಗೆಮ್ಮಾ, ನನ್ನ ರಿಪೇರಿ ಚೀಲದಲ್ಲಿತ್ತು. ಕೀಲಿ ಅಲ್ಲೇ ಗೋಡೆ ಮೊಳೇಲಿ ನೇತಾಡ್ತಾದೆ."

"ಊರಲ್ಲಾ?"

"ಊರಲ್ಲೇ."

ಗುಳಿಗೆ ಅವ್ಳು ಮರೆತಿದ್ಳು, ಕೀಲಿ ಅವ್ನು. ಒಂದೇ ಮನೆತನ!

ತಿರುಗಣೆ ಸೊನ್ನೆಗೆ ಹೋಗ್ಲೇ ಇಲ್ಲ, ಎರಡಕ್ಕೆ ಹಾಕಿದ್ರು. ಬಿಸಿ ಮೇಲಕ್ಕೆ ಹೋಯ್ತು. ಟೀಮು ಇಳ್ಕೊಂಡಿದ್ದ ಸ್ಕೂಲಿನ ತೊಲೆ ಮೇಲಿದ್ದ ಗಂಡು ಪಾರಿವಾಳಗಳೆಲ್ಲಾ ರೆಕ್ಕೇಲಿ ಗಾಳಿ ಬೀಸ್ಕೊಂಡು, ಹೆಂಡ್ತೀರ ಮೇಲೆ ಜಗಳ ತೆಗ್ದು, ಆಮೇಲೆ ಮೂಲೆಗೊಂದರಂತೆ ಕೂತು ಗೋಡೆ ಕಡೆ ಮುಖ ಮಾಡ್ಕೊಂಡ್ವು. ಪಾಪ, ಮೂಕಪ್ರಾಣಿಗಳ ಗೋಳು ಯಾಕೆ ಅಂತ ತಿರುಗಣೇನ ಮೂರಕ್ಕೆ ಹಾಕಿದ್ರು. ಬಿಸಿ ಎಲ್ಲಿಗೆ ಹೋಯ್ತೋ ಗೊತ್ತೇ ಆಗ್ಲಿಲ್ಲ. "ಭೂಮಿಗೆ ಇಳೀತಾ ಐತೆ" ಅಂದ ಬೋರಲಿಂಗ, ಇಂಜಿನೀರು ಗತ್ತಲ್ಲಿ.

ಶುಕ್ರವಾರ ಬೆಳಿಗ್ಗೆ ಮೈದಾನಕ್ಕೆ ಸಿಟಿ ಬಸ್ ಹತ್ತಿದ್ರು. ಸೀಟಿಲ್ಲ. ದೇವೀರಮ್ಮ ಮೇಲಿನ ಕಬ್ಬಿಣದ ಸರಳು ಹಿಡ್ಕೊಂಡ್ಳು. ಬಿಸಿ ಎದ್ದಿತು. ಎದ್ದು, ಕೈ ಹಿಡ್ದಿದ್ದ ಸರಳಿಗೆ ಹರೀತು! ಅದೇ ಸರಳು ಹಿಡ್ದು ನೇತಾಡ್ತಿದ್ದ ಗಂಡಸ್ರೆಲ್ಲಾ ಒಟ್ಟಿಗೆ ಅಂಗಿ ಗುಂಡಿ ಬಿಚ್ಚಿದ್ರು. ಒಬ್ಬ ಕಿಟಕಿಯಿಂದ ತಲೆ ಆಚೆಗೆ ಹಾಕ್ದ. ಇನ್ನೊಬ್ಬ ಕೈಲಿದ್ದ ಮಜ್ಜಿಗೆ ಪಾಕೀಟು ನೆತ್ತಿ ಮೇಲೆ ಒಡ್ಕೊಂಡ. ಹುರಿ ಮೀಸೆ ಕಂಡಕ್ಟ್ರು "ಮುಂದ ನಡೀರಿ!" ಅಂತ ಗದರ್ಸಿ, ಅಲ್ಲೇ ಮೆಟ್ಲ ಮೇಲೆ ಕುಸ್ದು ಕೂತ.

"ಉಂಡ್ಯಾ ಅಂತ ಒಬ್ರಾದ್ರೂ ಕೇಳೀರೇನ್ರೀ? ಹದಿನೈದು ವರ್ಷ ಟಿಕೀಟ್ ಹರ್ದೀನಿ! ಒಬ್ರಾದ್ರೂ?"

"ಉಂಡ್ರೇನ್ರೀ?" ಅಂತ ಬಸ್ಸೆಲ್ಲಾ ಕೇಳ್ತು.

"ಈಗ ಕೇಳಿ ಏನ್ ಮಾಡ್ತೀರಿ!" ಅಂತ ಇನ್ನೂ ಜೋರಾಗಿ ಅತ್ತ.

ಇಳಿದ ಮೇಲೆ ದೇವೀರಮ್ಮ ಮೈದುನನ ಕಿವಿ ಹಿಡಿದ್ಳು. "ಇದು ಭೂಮಿಗೆ ಇಳಿಯೋದಾ?"

"ನೀವು ಏನನ್ನ ಹಿಡ್ಕೊಂಡ್ರೆ ಅದಕ್ಕೆ ಇಳೀತದೆ ಅನ್ಸುತ್ತೆ. ಏನನ್ನೂ ಹಿಡ್ಕೋಬೇಡಿ ಅತ್ಗೆಮ್ಮಾ!"

"ಹಗ್ಗಜಗ್ಗಾಟದಲ್ಲಿ ಏನನ್ನೂ ಹಿಡ್ಕೋಬಾರದಾ?"

ಬೋರಲಿಂಗ ಅದನ್ನ ಯೋಚ್ನೆ ಮಾಡಿರ್ಲಿಲ್ಲ. ಸುಕನ್ಯ ಮೆಲ್ಲಗೆ ಹತ್ರ ಬಂದ್ಳು. "ಅಕ್ಕಾ, ಇವತ್ತೊಂದಿನ ನಾನು ಗೂಟ ನಿಲ್ಲಲಾ? ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ ನೀನು."

ದೇವೀರಮ್ಮಂಗೆ ಕಣ್ಣು ತುಂಬ್ತು. ಗುಳಿಗೆ ಇಲ್ದೆ ತುಂಬ್ತೋ, ಮಾತಿಗೆ ತುಂಬ್ತೋ, ಅವ್ಳಿಗೇ ಗೊತ್ತಾಗ್ಲಿಲ್ಲ. "ಇದೊಂದು ಎಳೆತ ನಂಗೆ ಬಿಡವ್ವಾ. ಜಾರಿದ್ರೆ ನಾಳೆಯಿಂದ ನಿಂದೇ" ಅಂದು ಹಗ್ಗ ಮೈಗೆ ಸುತ್ಕೊಂಡ್ಳು.

ಎದುರಿಗೆ ಕಲಬುರಗಿ ಟೀಮು. ಅವರ ಗೂಟ ಮಹಾನಂದಾ ಅಂತ. ನಿಂತ್ರೆ ಊರಬಾಗಿಲು ನಿಂತಂಗೆ! ಒಂದೇ ಎಳೆತ, ಗೆದ್ದೋರಿಗೆ ಕಪ್ಪು. ಉದ್ಘಾಟನೆಗೆ ಬಂದಿದ್ದ ದೊಡ್ಡ ಸಾಹೇಬ್ರು, ರೆಫ್ರಿ, ಜತೆಗೆ ಫೋಟೋಕ್ಕೆ ಅಂತ ಕಮಿಟಿ ಗಂಡಸ್ರೆಲ್ಲಾ ಹಗ್ಗದ ನಡುಮಧ್ಯ ಕೈಯಿಟ್ಟು ಹಲ್ಲು ಕಿರಿದ್ರು.

ಆಗ ಎದ್ದಿತು ನೋಡಿ! ಹಿಂದೆಲ್ಲಾ ಎದ್ದಿದ್ದು ಬೀಡಿ ಕಿಡಿ, ಇದು ಆಲೆಮನೆ ಒಲೆ! ಬಿಸಿ ಹಗ್ಗದುದ್ದಕ್ಕೂ ಓಡ್ತು. ಸಾಹೇಬ್ರು ಕೋಟು ಕಿತ್ತೆಸ್ದು, "ಯಾರ್ರೀ ಫ್ಯಾನ್ ಆರ್ಸಿದ್ದು!" ಅಂತ ಕೂಗಿದ್ರು. ಬಯಲಲ್ಲಿ ಫ್ಯಾನೆಲ್ಲಿ? ಕಮಿಟಿಯೋರು ಒಬ್ರನ್ನೊಬ್ರು ಬೈದು, ಒಬ್ರನ್ನೊಬ್ರು ತಬ್ಬಿ ಅತ್ತು, ಕೊನೆಗೆ ಎಲ್ಲಾ ಓಡಿ ಮೈದಾನದ ಮೂಲೇಲಿದ್ದ ನೀರಿನ ತೊಟ್ಟಿಗೆ ಧುಮುಕಿದ್ರು. ರೆಫ್ರಿ ಸುರು ಮಾಡಕ್ಕೆ ಪೀಪಿ ಊದ್ದೋನು, ಊದ್ತಾ ಊದ್ತಾಲೇ ತೊಟ್ಟಿಗೆ ಬಿದ್ದ. ನೀರು ಬುಸ್ ಅಂತ ಹಬೆ ಬಿಡ್ತು.

ಹೆಂಗಸ್ರು ಮಾತ್ರ ಒಬ್ರೂ ಹಗ್ಗ ಬಿಡ್ಲಿಲ್ಲ!

"ದೇವೀರಕ್ಕಾ! ಒಳಗೇ ಒಲೆ ಹತ್ಕೊಂಡಂಗದೆ!" ಅಂತ ಸುಕನ್ಯ ಕೂಗಿದ್ಳು.

"ಅದೇ ಕಣೇ ನಂಗೆ ಬುಧವಾರದಿಂದ ಆಗ್ತಿರೋದು!"

"ಇದನ್ನ ಇಟ್ಕೊಂಡು ನಿಂತಿದ್ಯಾ? ನಾನು ಗೂಟ ಕೇಳಿದ್ನಲ್ಲಾ, ನನ್ನ ಬಾಯಿಗಿಷ್ಟು ಮಣ್ಣಾಕ!" ಅಂತ ಸುಕನ್ಯ ಹಿಮ್ಮಡಿ ಊರಿ, ಹಲ್ಲು ಕಚ್ಚಿ ಎಳೆದ್ಳು.

ಆ ತುದಿಯಿಂದ ಮಹಾನಂದಾ ಕೇಳಿದ್ಳು, "ಏನ್ರೀ ಯಕ್ಕಾ, ನಿಮ್ಮ ಕಡಿಂದ ಏನೋ ಬಿಸಿ ಬರಾಕತ್ತದಲ್ಲ?"

"ತಪ್ಪು ತಿಳ್ಕೋಬೇಡಿ ಕಣಕ್ಕಾ! ಗುಳಿಗೆ ಮರ್ತು ಬಂದಿವ್ನಿ! ಪಟ್ಟಿ ಬಿಚ್ಚಕ್ಕಾಯ್ತಾ ಇಲ್ಲ!"

"ಇಷ್ಟ ಏನು! ನನಗ ವರ್ಷಾನುಗಟ್ಟಲೆ ಹಿಂಗೇ ಅದ. ಇದಕ್ಕ ಗುಳಿಗಿ ಅದ ಅಂತ ಇವತ್ತೇ ಗೊತ್ತಾಗಿದ್ದು ನೋಡ್ರಿ! ಎಳೀರಿ, ಎಳೀರಿ!"

ಎಳೆದ್ರು. ಬಿಸಿಲು ನೆತ್ತಿಗೆ ಬಂತು, ಹಗ್ಗ ಅಲ್ಲಾಡ್ಲಿಲ್ಲ. ಆಚೆ ಈಚೆ ನಿಂತಿದ್ದೋರ ಕಾಲು ಮೊಣಕಾಲುದ್ದ ಭೂಮಿಗೆ ಇಳೀತು. ಪೀಪಿ ಊದಿ ನಿಲ್ಸಕ್ಕೆ ರೆಫ್ರಿ ಇಲ್ಲ, ಅವ್ನು ತೊಟ್ಟೀಲಿ ತೇಲ್ತಾವ್ನೆ. ದೇವೀರಮ್ಮನ ಕೈ ಸೋತು ಬಂತು. ಹಿಮ್ಮಡಿ ಒಂದು ಚೂರು ಜಾರ್ತು. ಹೋದ ವರ್ಷಾನೂ ಹಿಂಗೇ ಸುರುವಾಗಿದ್ದು!

ಆಗ ಬೆನ್ನ ಹಿಂದೆ, ರಸ್ತೆ ಕಡೆಯಿಂದ, ಬಸ್ಸಿನ ಹಾರನ್ ಕೇಳ್ತು. ಬೋರಲಿಂಗ ಕುಣಿದಾಡ್ಬುಟ್ಟ.

"ಅತ್ಗೆಮ್ಮಾ! ಗಂಟು ಬಂತು! ಗಂಟು!"

ಮೈಸೂರು ಬಸ್ಸು. ಅದರ ಕಿಟಕೀಲಿ ಉದ್ದಕ್ಕೊಂದು ಕಬ್ಬಿನ ಜಲ್ಲೆ ಚಾಚಿತ್ತು. ಜಲ್ಲೆ ತುದೀಲಿ ಪರಸ್ತಾನದ ಗಂಟು ನೇತಾಡ್ತಿತ್ತು! ಕೆಂಪಾಜಮ್ಮ ಕೈ ಸೋಕಿಸ್ದೆ ಜಲ್ಲೇಲಿ ಸಿಕ್ಕಿಸಿ ಎತ್ತಿ, ಹಂಗೇ ಡ್ರೈವರಿಗೆ ಕೊಟ್ಟು, "ನೀನೂ ಮುಟ್ಟಿಯಾ, ಜೋಕೆ!" ಅಂತ ಆಣೆ ಹಾಕ್ಸಿ ಕಳಿಸಿದ್ಳು. ದಾರಿಯುದ್ದಕ್ಕೂ ಎಷ್ಟು ಎತ್ತು ಆ ಕಬ್ಬಿಗೆ ಬಾಯಿ ಹಾಕಿದ್ವೋ, ಅರ್ಧ ಜಲ್ಲೆ ಉಳ್ದಿತ್ತು.

ದೇವೀರಮ್ಮಂಗೆ ಕಪ್ಪು ಮರ್ತೋಯ್ತು, ಗೂಟ ಮರ್ತೋಯ್ತು. ಗಂಟಿನ ಕಡೆ ಒಂದು ಹೆಜ್ಜೆ ಹಿಂದಕ್ಕಿಟ್ಳು. ಹಗ್ಗ ಬಂತು! ಇನ್ನೊಂದಿಟ್ಳು. ಮಹಾನಂದಾನೂ ಬಂದ್ಳು! ಗೆರೆ ದಾಟಿದ್ರು, ನಿಲ್ಸೋರಿಲ್ಲ. ಮೈದಾನ ದಾಟಿದ್ರು, ಗೇಟು ದಾಟಿದ್ರು, ಚುರುಮುರಿ ಗಾಡಿ ಒಂದು ಹಗ್ಗಕ್ಕೆ ಸಿಕ್ಕಿ ಜತೇಲೇ ಬಂತು. ಎರಡೂ ಟೀಮಿನ ಸಮೇತ ದೇವೀರಮ್ಮ ಹಿಂದುಹಿಂದಕ್ಕೆ ನಡ್ದು ಬಸ್ಸಿಗೆ ಬೆನ್ನು ತಾಗಿಸಿ, ಕೈ ಎತ್ತಿ ಗಂಟು ಕಿತ್ಕೊಂಡ್ಳು.

"ತಪ್ಪಿದ ಗುಳಿಗೆ ಎಲ್ಲಾ ಒಟ್ಟಿಗೆ ನುಂಗ್ಬುಡಿ ಅತ್ಗೆಮ್ಮಾ, ಬಾಕಿ ತೀರ್ತದೆ!" ಅಂದ ಬೋರಲಿಂಗ.

"ಬಾಯ್ಮುಚ್ಚು! ತಪ್ಪಿದ್ದು ತಪ್ಪಿದ್ದೇ, ಇವತ್ತಿಂದು ಒಂದೇ ತಗೊಳ್ಳಿ ಅಂತ ಡಾಕ್ಟ್ರಮ್ಮ ಹೇಳವ್ರೆ. ಸರಿಹೋಗಕ್ಕೆ ಇನ್ನೂ ನಾಕು ದಿನ ಬೇಕಂತೆ" ಅಂದು ಒಂದು ನುಂಗಿ, ಚೀಟೀಲಿದ್ದ ಡಾಕ್ಟ್ರಮ್ಮನ ನಂಬರನ್ನ ಮಹಾನಂದಂಗೆ ತೋರಿಸಿದ್ಳು. "ನನ್ನ ಗುಳಿಗೆ ಕೊಡಲ್ಲ ಕಣಕ್ಕಾ, ನಿನ್ನ ಮೈಗೆ ಯಾವುದು ಅಂತ ಅವ್ರನ್ನೇ ಕೇಳು."

"ಗೆದ್ದೀ ಬಿಡವ್ವಾ" ಅಂತ ಮಹಾನಂದಾ ಚುರುಮುರಿ ಗಾಡಿ ಪಕ್ಕ ಕೂತು ನಕ್ಕಳು.

ಸಂಜೆ ಬಹುಮಾನ. ಕಪ್ಪು ನೋಡಿದ್ರೆ ಹಿತ್ತಾಳೇದು. ದೇವೀರಮ್ಮನ ಸೊಂಟದಲ್ಲಿ ಪಟ್ಟಿ ಹಂಗೇ ಇತ್ತು. ಒದ್ದೆ ಬಟ್ಟೇಲಿ ವೇದಿಕೆ ಮೇಲೆ ಕೂತಿದ್ದ ಗಂಡಸ್ರಲ್ಲಿ, ಅದನ್ನ ಅವ್ಳ ಕೈಗೆ ಕೊಡಕ್ಕೆ ಒಬ್ಬನೂ ಏಳ್ಲಿಲ್ಲ! "ನೀವ್ ಕೊಡ್ರಿ", "ಏ, ನೀವ್ ಕೊಡ್ರಿ" ಅಂತ ಮರ್ಯಾದೆ ಮಾಡ್ಕೊಳ್ತಾ ಕೂತ್ರು. ಕೊನೆಗೆ ಮಹಾನಂದಾನೇ ಎದ್ದು ಬಂದು ಕೊಟ್ಳು. ಅವ್ಳಿಗೇನು, ಅಭ್ಯಾಸ.

ಊರಿಗೆ ಬಂದ ಮೇಲೆ ಪಟ್ಟಿ ಬಿಚ್ಚಿ ಅಟ್ಟಕ್ಕೆ ಎಸೆದ್ರು. ಗೂಟದ ಜಾಗ ದೇವೀರಮ್ಮಂದೇ, ಸುಕನ್ಯ ಕೇಳೋ ಮಾತೇ ಇಲ್ಲ. ಈಗ ಟೀಮು ಎಲ್ಲಿಗೆ ಹೊರಟ್ರೂ ಗುಳಿಗೆ ದೇವೀರಮ್ಮನ ಸೊಂಟದ ಚೀಲದಲ್ಲೇ ಇರ್ತದೆ. ಮಂಗಳವಾರ ಹೊರಡಬೇಕಾಗಿ ಬಂದ್ರೆ, ಪರಸ್ತಾನಕ್ಕೆ ಅಂತ ಸೋಮವಾರವೇ ಬೋರಲಿಂಗನ್ನ ಕರ್ಕೊಂಡೋಗಿ ಕೆಂಪಾಜಮ್ಮನ ಮನೇಲಿ ಕೂರಿಸ್ತಾಳೆ. ಹೋಗ್ತಾ ಎತ್ಕೊಂಡು ಹೋಗೋದು ಮಾತ್ರ ಇದುವರ್ಗೂ ಒಂದ್ಸಲಾನೂ ನೆನಪಾಗಿಲ್ಲ.