ಕಂಪ್ಯೂಟರಿಗೆ ಕಾಣದ ಫೋನು

ಕೊಳ್ಳೇಗಾಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವ ಮೇಷ್ಟ್ರು ನಾನು. ಮಕ್ಕಳು ತಯಾರಿಸಿದ ಆಪ್ ಫೋನಿಗೆ ಇಳಿಸಿ ತಪ್ಪು ಹುಡುಕಬೇಕಾದರೆ, ವೈರು ಹಾಕಿದ ಫೋನನ್ನು ಕಂಪ್ಯೂಟರ್ ಗುರುತಿಸಬೇಕು. ಗುರುತಿಸುವುದಿಲ್ಲ. ವಾರಕ್ಕೊಮ್ಮೆಯಾದರೂ ಈ ರಾಮಾಯಣ ಇದ್ದದ್ದೇ.

ಏಳು ಸಲ

ಸೆಟ್ಟಿಂಗಿನಲ್ಲಿ ಬಿಲ್ಡ್ ನಂಬರ್ ಎಂಬ ಸಾಲನ್ನು ಏಳು ಸಲ ಒತ್ತಿದರೆ ‘ನೀವೀಗ ಡೆವಲಪರ್’ ಎಂದು ಫೋನೇ ತೋರಿಸುತ್ತದೆ. ಡೀಬಗ್ಗಿಂಗಿಗೆ, ಅಂದರೆ ಆಪಿನ ತಪ್ಪು ಹುಡುಕುವುದಕ್ಕೆ, ಅದು ಮೊದಲ ಮೆಟ್ಟಿಲು ಅಷ್ಟೆ. ಯಳಂದೂರಿನ ವಿದ್ಯಾರ್ಥಿಯೊಬ್ಬ ಅಷ್ಟು ಒತ್ತಿದವನೇ ಬ್ಯಾಗು ಹೆಗಲಿಗೇರಿಸಿದ.

“ಎಲ್ಲಿಗೋ?”

“ಮುಗೀತಲ್ಲ ಸಾ! ಮೂರ್ ವರ್ಸ ಪಾಟ ಮಾಡುದ್ರೂ ನೀವು ನನ್ನ ಡೆವಲಪರ್ ಅನ್ನಲಿಲ್ಲ. ಫೋನು ಒಂದ್ ನಿಮಿಸ್ದಲ್ಲಿ ಅಂದ್ಬುಡ್ತು.”

ಪೂಜೆಯ ಮಾರನೆಯ ದಿನ

ಆಯುಧಪೂಜೆ ಕಳೆದು ಲ್ಯಾಬು ತೆರೆದರೆ ಒಂದು ಕಂಪ್ಯೂಟರಿಗೂ ಒಂದು ಫೋನೂ ಕಾಣದು. ಕೇಬಲ್ ಬದಲಿಸಿದೆ, ಡ್ರೈವರ್ ಸಾಫ್ಟ್‌ವೇರ್ ಹೊಸದಾಗಿ ಹಾಕಿದೆ, ಮಧ್ಯಾಹ್ನವಾಯಿತು. ಕೊನೆಗೆ ಟಾರ್ಚು ಬಿಟ್ಟು ನೋಡಿದರೆ, ಕೇಬಲ್ ಸಿಗಿಸುವ ತೂತುಗಳ ತುಂಬ ವಿಭೂತಿ! ಪೂಜೆ ಮಾಡಿದವರು ನಮ್ಮ ಅಟೆಂಡರ್.

“ಅಲ್ಲಿಗೂ ಯಾಕ್ರೀ ಬಳಿದಿರಿ?”

“ಮೊಕಕ್ಕೆ ಎಲ್ರೂ ಬಳೀತಾರೆ ಸಾ. ಕೆಲ್ಸ ಮಾಡೋದು ಆ ತೂತು ತಾನೆ?”

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂಜೆಯವರೆಗೂ ಉಜ್ಜಿದವನು ನಾನು.

ಬ್ಯಾಡ

ಲೊಕ್ಕನಹಳ್ಳಿಯ ಹುಡುಗಿಯದು ಒಳ್ಳೆಯ ಪ್ರಾಜೆಕ್ಟು. ಹೊಲಕ್ಕೆ ಆನೆ ಬಂದದ್ದು ಕಂಡವರು ಒಂದು ಗುಂಡಿ ಒತ್ತಿದರೆ ಅಕ್ಕಪಕ್ಕದವರ ಫೋನೆಲ್ಲ ಬಡಿದುಕೊಳ್ಳಬೇಕು. ಪರೀಕ್ಷೆಯ ದಿನ ಹನ್ನೊಂದಕ್ಕೆ ಪರೀಕ್ಷಕರು ಬರುವವರಿದ್ದರು. ಅಂದು ತೋರಿಸದಿದ್ದರೆ ಅವಳ ಒಂದು ವರ್ಷ ಹೋದಂತೆ. ಅವಳ ಫೋನು ಕೆಟ್ಟಿದ್ದರಿಂದ ಅಪ್ಪ ತಮ್ಮ ಫೋನಿನ ಜೊತೆ ತಾವೂ ಬಂದಿದ್ದರು. ಮಗಳು ಸೆಟ್ಟಿಂಗ್ ಮಾಡಿದ ಮೇಲೆ ಫೋನು ವಾಪಸ್ ಇಸಿದುಕೊಂಡು, “ವೈರ್ ಹಾಕ್ಕಳಿ ಸಾ, ಫೋನ್ ಮಾತ್ರ ನನ್ ಕೈಲೇ ಇರ್ಲಿ” ಅಂದರು.

ಕಂಪ್ಯೂಟರ್ ಗುರುತಿಸಲಿಲ್ಲ. ವೈರು ಕಿತ್ತು ಸಿಗಿಸಿದೆವು, ಮತ್ತೆ ಕಿತ್ತು ಸಿಗಿಸಿದೆವು. ಹನ್ನೊಂದಾಗಿ ಪರೀಕ್ಷಕರೂ ಬಂದು ಕೂತರು. ಹುಡುಗಿಯ ಕಣ್ಣಲ್ಲಿ ನೀರು.

“ಫೋನಲ್ಲಿ ಏನಾದ್ರೂ ಬರ್ತಿದೆಯಾ ಯಜಮಾನ್ರೇ?” ಅಂದೆ.

“ಆಗ್ಲಿಂದ ಅನುಮತಿ ಕೊಡ್ತೀಯಾ ಅಂತ ಕೇಳ್ತಾನೇ ಅದೆ ಸಾ. ಗುರ್ತಿಲ್ದೋರು ಏನ್ ಕೇಳುದ್ರೂ ಬ್ಯಾಡ ಅನ್ನಿ ಅಂತ ಬ್ಯಾಂಕ್ನೋರು ಏಳವ್ರೆ. ಎಂಟ್ ಸಲ ಬ್ಯಾಡ ಅಂದೆ. ಮಾನ ಮರ್ವಾದಿ ಇಲ್ಲ ಅದ್ಕೆ!”

“ಅಪ್ಪೋ, ಅದು ನಮ್ ಕಂಪ್ಯೂಟ್ರೇ ಕಣಪ್ಪೋ! ಊ ಅನ್ನು!”

ಊ ಅಂದರು. ಆಪ್ ಇಳಿಯಿತು, ತೆರೆಯಿತು. ತೆರೆದ ಕೂಡಲೇ ‘ನೀವಿರುವ ಜಾಗ ನೋಡಲೇ?’ ಎಂದು ಕೇಳಿತು. ಅಪ್ಪ ಪಟ್ಟನೆ ‘ಬ್ಯಾಡ’ ಒತ್ತಿದರು.

ಮಗಳು ಫೋನು ಕಸಿದುಕೊಂಡು ತಾನೇ ಅನುಮತಿ ಕೊಟ್ಟು ಆನೆಯ ಗುಂಡಿ ಒತ್ತಿದಳು. ಅದೇ ಆಪ್ ಮೊದಲೇ ಹಾಕಿಟ್ಟಿದ್ದ, ಪಕ್ಕದಲ್ಲಿದ್ದ ನನ್ನ ಫೋನು ಕಿವಿ ಗಡಚಿಕ್ಕುವಂತೆ ಬಡಿದುಕೊಂಡಿತು. ಪರೀಕ್ಷಕರು ನಗು ತಡೆದುಕೊಂಡು ಅಂದರು:

“ಪಾಸಮ್ಮ. ಆನೆ ಬಂದಾಗ ಮಾತ್ರ ಫೋನು ನಿಮ್ಮಪ್ಪನ ಕೈಲಿ ಕೊಡಬೇಡ!”